‘ಬೇಡ’ ಅನ್ನೋ ಕೆಲಸ ಯಾರದ್ದು? ವೈನ್ ಕ್ಲಬ್ಬು ಮತ್ತು ವೋಚರಿನ 150 ವರ್ಷ

ಆನ್‌ಸೈಟ್ ಅಂತ ಆರು ತಿಂಗಳೋ ಒಂದು ವರ್ಷವೋ ಇಂಗ್ಲೆಂಡಿನಲ್ಲಿ ಇದ್ದು ಬಂದವರಿಗೆ ಒಂದು ಚೀಟಿಯ ಪರಿಚಯ ಇರುತ್ತೆ. ಆನ್‌ಲೈನಲ್ಲಿ ಶೂ ತರಿಸಿದಿರಿ, ಇಲ್ಲಾ ಸ್ವೆಟರ್ ತರಿಸಿದಿರಿ ಅಂತಿಟ್ಕೊಳ್ಳಿ. ಡಬ್ಬ ಬಿಚ್ಚಿದರೆ ಸಾಮಾನಿನ ಪಕ್ಕದಲ್ಲಿ ದಪ್ಪ ಕಾಗದದ ಒಂದು ಕಾರ್ಡು. ಅದರ ಮೇಲೆ ದೊಡ್ಡಕ್ಷರದಲ್ಲಿ ‘60 ಪೌಂಡ್’ ಅಂತ. ಶೂಗೂ ವೈನಿಗೂ ಏನು ಸಂಬಂಧ ಅಂತ ತಲೆ ಕೆರ್ಕೊಂಡು ನೋಡಿದರೆ, ಯಾವುದೋ ಆನ್‌ಲೈನ್ ವೈನ್ ಕ್ಲಬ್ಬಿನ ವೋಚರ್ ಅದು. ನೂರು ಪೌಂಡಿನ ಪೆಟ್ಟಿಗೆ ನಲವತ್ತಕ್ಕೆ ಮನೆ ಬಾಗಿಲಿಗೆ ಬರುತ್ತೆ ಅನ್ನೋ ಮಾತು.

ಇಂಥ ಚೀಟಿ ಬಳಸಿದವರು ಹೇಳುವ ಕಥೆ ಎರಡು ಥರ. ಒಂದು ಗುಂಪಿನವರು, ‘ಚೆನ್ನಾಗಿತ್ತು ಕಣ್ರೀ, ಅಂಗಡೀಲಿ ಸಿಗದ ವೈನು, ಆರೇಳು ವರ್ಷದಿಂದ ತರಿಸ್ತಿದ್ದೀವಿ’ ಅಂತಾರೆ. ಇನ್ನೊಂದು ಗುಂಪಿನವರ ಕಥೆ ಬೇರೆ. ಪೆಟ್ಟಿಗೆ ಬಂತು, ಕುಡಿದದ್ದಾಯ್ತು, ಮರೆತದ್ದೂ ಆಯ್ತು. ನಾಲ್ಕು ತಿಂಗಳ ನಂತರ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ಪ್ರತಿ ತಿಂಗಳೂ ಇಪ್ಪತ್ತೋ ಇಪ್ಪತ್ತೈದೋ ಪೌಂಡು ಆ ಕಂಪನಿಗೆ ಹೋಗ್ತಾ ಇದೆ. ಕೆಲವು ಕ್ಲಬ್ಬುಗಳಲ್ಲಾದರೆ ದುಡ್ಡಿನ ಬದಲು ಪೆಟ್ಟಿಗೆಯೇ ಮತ್ತೆ ಬಂದು ಬಾಗಿಲಲ್ಲಿ ಕೂತಿರುತ್ತೆ. ಕೇಳಿದರೆ, ‘ನೀವೇ ಒಪ್ಪಿದ್ದೀರಿ, ನಿಯಮದಲ್ಲಿದೆ’ ಅನ್ನೋ ಉತ್ತರ. ನೋಡಿದರೆ ನಿಯಮದಲ್ಲಿ ಇದ್ದೇ ಇರುತ್ತೆ.

ಅಂದರೆ ಇಲ್ಲಿ ಯಾರೂ ಹಸಿ ಸುಳ್ಳು ಹೇಳಿಲ್ಲ. ಆದರೆ ಒಂದು ಕೆಲಸ ಸದ್ದಿಲ್ಲದೆ ಕೈ ಬದಲಾಯಿಸಿದೆ. ನಮ್ಮೂರ ಶೆಟ್ಟರ ಅಂಗಡಿಯಲ್ಲಿ ನಾವು ಬಾಯಿ ಬಿಟ್ಟು ಕೇಳಿದರೆ ವ್ಯಾಪಾರ. ಸುಮ್ಮನಿದ್ದರೆ ವ್ಯಾಪಾರ ಇಲ್ಲ. ಈ ಕ್ಲಬ್ಬುಗಳಲ್ಲಿ ಉಲ್ಟಾ: ಸುಮ್ಮನಿದ್ದರೆ ವ್ಯಾಪಾರ, ಬಾಯಿ ಬಿಟ್ಟರೆ ಮಾತ್ರ ನಿಲ್ಲುತ್ತೆ. ಗಿರಾಕಿಯ ಮೌನವನ್ನೇ ‘ಹೂಂ’ ಅಂತ ಲೆಕ್ಕ ಹಿಡಿಯೋ ಈ ಪದ್ಧತಿ ಆಪ್‌ಗಳ ಕಾಲದ್ದು ಅಂತ ನಾವು ಅಂದ್ಕೊಂಡಿದ್ದೀವಿ. ಅದಕ್ಕೆ ನೂರು ವರ್ಷ ಆಗಿದೆ. ವೈನ್ ಕ್ಲಬ್ಬಿಗೆ ಇನ್ನೂ ಐವತ್ತು ವರ್ಷ ಜಾಸ್ತಿ. ತಮಾಷೆ ಅಂದರೆ ಶುರುವಿನಲ್ಲಿ ಇವೆರಡಕ್ಕೂ ಸಂಬಂಧವೇ ಇರಲಿಲ್ಲ.

ಮೊದಲ ಕಥೆ 1874ರದ್ದು, ಲಂಡನ್ನಿನದು. ಕೆನ್ಸಿಂಗ್ಟನ್‌ನಲ್ಲಿ ರಾಯಲ್ ಆಲ್ಬರ್ಟ್ ಹಾಲ್ ಅನ್ನೋ ದುಂಡನೆಯ ಭಾರೀ ಸಭಾಂಗಣ ಇದೆ, 1871ರಲ್ಲಿ ತೆರೆದದ್ದು. ಅದೇ ವರ್ಷದಿಂದ ಅಲ್ಲಿ ವರ್ಷಕ್ಕೊಂದು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೀತಿತ್ತು. ಅದರ ಕೊನೆಯ ವರ್ಷ ಪೋರ್ಚುಗಲ್‌ನಿಂದ ಪೀಪಾಯಿಗಟ್ಟಲೆ ವೈನ್ ಬಂತು. ಅದನ್ನು ಹಾಲ್‌ನ ನೆಲಮಾಳಿಗೆಯಲ್ಲಿ ಇಟ್ಟರು. ಪ್ರಚಾರ ಸರಿಯಾಗಿ ಆಗಲಿಲ್ಲ, ಜನಕ್ಕೆ ಗೊತ್ತೇ ಆಗಲಿಲ್ಲ, ವೈನು ಅಲ್ಲೇ ಉಳೀತು. ಕಳಿಸಿದವರು ಗಲಾಟೆ ಮಾಡಿದರು. ಹಾಲ್ ಕಟ್ಟಿಸಿದ ವಾಸ್ತುಶಿಲ್ಪಿ, ಸೇನೆಯ ಎಂಜಿನಿಯರ್ ಹೆನ್ರಿ ಸ್ಕಾಟ್, ಪರಿಚಯದವರನ್ನೆಲ್ಲ ಊಟಕ್ಕೆ ಕರೆದು ಆ ವೈನ್ ರುಚಿ ತೋರಿಸೋ ಏರ್ಪಾಡು ಮಾಡಿದರು. ಮಾಲು ಖರ್ಚಾಯ್ತು. ಖರ್ಚಾದ್ದು ನೋಡಿ, ‘ಇದನ್ನೇ ಯಾಕೆ ಮುಂದುವರಿಸಬಾರದು?’ ಅನ್ನೋ ಯೋಚನೆ ಬಂತು. ಸ್ಕಾಟ್ ಜೊತೆ ಬ್ರೂಡೆನೆಲ್ ಕಾರ್ಟರ್ ಅನ್ನೋ ಕಣ್ಣಿನ ವೈದ್ಯರು, ಜಾರ್ಜ್ ಸ್ಕ್ರಿವೆನರ್ ಅನ್ನೋರು ಸೇರಿ ಅದೇ ವರ್ಷ ಒಂದು ಸಂಘ ಕಟ್ಟಿದರು. ಅದೇ ಈಗ ‘ವೈನ್ ಸೊಸೈಟಿ’ ಅಂತ ಕರೆಸಿಕೊಳ್ಳೋದು. ಇವತ್ತಿಗೂ ಇದೆ. 1965ರಿಂದ ಸ್ಟೀವನೇಜ್ ಅನ್ನೋ ಊರಲ್ಲಿದೆ.

ಇದು ಕಂಪನಿ ಅಲ್ಲ, ಸಹಕಾರ ಸಂಘ. ಸದಸ್ಯ ಆಗಬೇಕಾದರೆ ಒಂದು ಷೇರು ತಗೋಬೇಕು, ಅಷ್ಟೇ. ಷೇರು ತಗೊಂಡವನೇ ಗಿರಾಕಿ, ಅವನೇ ಮಾಲೀಕ. ಲಾಭ ಹಂಚೋಕೆ ಹೊರಗಿನ ಷೇರುದಾರರು ಯಾರೂ ಇಲ್ಲ. ಸದಸ್ಯ ಐದು ವರ್ಷ ಏನೂ ತರಿಸದೆ ಸುಮ್ಮನಿದ್ದ ಅಂದರೆ ಏನೂ ಬರಲ್ಲ, ಏನೂ ಹೋಗಲ್ಲ. ಮೌನಕ್ಕೆ ಅರ್ಥ ‘ಬೇಡ’ ಅಂತಲೇ.

ಕನ್ನಡದವರಿಗೆ ಈ ವ್ಯವಸ್ಥೆ ಬಿಡಿಸಿ ಹೇಳಬೇಕಾಗಿಲ್ಲ. 1904ರಲ್ಲಿ ಭಾರತದಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಶುರು ಮಾಡಿದರು. ಕೆನ್ಸಿಂಗ್ಟನ್‌ನ ಸಾಹೇಬರು ವೈನಿಗೆ, ಕಣಗಿನಹಾಳದ ರೈತರು ಸಾಲಕ್ಕೆ. ಅವಸರ ಬೇರೆ ಬೇರೆ ನಿಜ, ಮೂಲದ ಲೆಕ್ಕ ಮಾತ್ರ ಒಂದೇ: ನಡುವಿನವನು ತಿನ್ನೋದನ್ನ ನಾವೇ ಉಳಿಸಿಕೊಳ್ಳೋಣ.

ಹಾಗಾದರೆ ಮೌನಕ್ಕೆ ‘ಹೂಂ’ ಅನ್ನೋ ಅರ್ಥ ಬಂದದ್ದು ಎಲ್ಲಿಂದ? ವೈನಿನಿಂದಲ್ಲ, ಪುಸ್ತಕದಿಂದ.

ನ್ಯೂಯಾರ್ಕಿನಲ್ಲಿ ಹ್ಯಾರಿ ಶರ್ಮನ್ ಅನ್ನೋ ಜಾಹೀರಾತು ಬರಹಗಾರ ಇದ್ದ. 1916ರ ಸುಮಾರಿಗೆ ಆತ ಮತ್ತು ಗೆಳೆಯರು ಅಂಗೈಯಗಲದ ಪುಟ್ಟ ಪುಸ್ತಕಗಳನ್ನ ಅಚ್ಚು ಹಾಕಿಸಿದರು. ಶೇಕ್ಸ್‌ಪಿಯರ್ ನಾಟಕ, ಅದು ಇದು. ಇದನ್ನ ಮಾರಿದ್ದು ಹೇಗೆ ಗೊತ್ತಾ? ವಿಟ್‌ಮನ್ ಅನ್ನೋ ಮಿಠಾಯಿ ಕಂಪನಿಯನ್ನ ಒಪ್ಪಿಸಿ, ಚಾಕೊಲೇಟ್ ಡಬ್ಬದೊಳಗೆ ಒಂದೊಂದು ಪುಸ್ತಕ ಇಡಿಸಿದ. ಇನ್ನೊಬ್ಬರ ಡಬ್ಬದಲ್ಲಿ ನಮ್ಮ ಸರಕು! ಶೂ ಡಬ್ಬದಲ್ಲಿ ವೈನ್ ವೋಚರ್ ಕಂಡವರಿಗೆ ಅದರ ಮುತ್ತಜ್ಜ ಯಾರು ಅಂತ ಈಗ ಗೊತ್ತಾಯ್ತು.

1926ರಲ್ಲಿ ಇದೇ ಶರ್ಮನ್ ‘ಬುಕ್ ಆಫ್ ದಿ ಮಂತ್ ಕ್ಲಬ್’ ತೆರೆದ. ತೀರ್ಪುಗಾರರ ಒಂದು ಮಂಡಳಿ ತಿಂಗಳಿಗೊಂದು ಪುಸ್ತಕ ಆರಿಸುತ್ತೆ, ಅದು ಅಂಚೆಯಲ್ಲಿ ಸದಸ್ಯರ ಮನೆಗೆ ಬರುತ್ತೆ. ಮೊದಲ ತಿಂಗಳು 4,750 ಜನಕ್ಕೆ ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ ಬರೆದ ಒಂದು ಕಾದಂಬರಿ ಹೋಯ್ತು. ಇಷ್ಟ ಆಗದಿದ್ದರೆ ವಾಪಸ್ ಕಳಿಸಬಹುದು ಅನ್ನೋ ಸೌಲಭ್ಯ ಇತ್ತು. ಜನ ಅದನ್ನ ಧಾರಾಳವಾಗಿ ಬಳಸಿಕೊಂಡರು. ಪುಸ್ತಕಗಳು ರಾಶಿ ರಾಶಿ ವಾಪಸ್ ಬಂದವು. ಹೋಗೋ ಅಂಚೆ ಖರ್ಚು ಒಂದು, ಬರೋ ಸಂಕಟ ಇನ್ನೊಂದು. ಆಗ ಅವರು ಕಂಡುಕೊಂಡ ಉಪಾಯ ಇದು: ಪುಸ್ತಕಕ್ಕೆ ಮುಂಚೆ ಒಂದು ಪತ್ರಿಕೆ ಕಳಿಸೋದು, ಜೊತೆಗೆ ಒಂದು ಕಾರ್ಡು. ಈ ಪುಸ್ತಕ ಬೇಡ ಅಂದರೆ ಕಾರ್ಡು ತುಂಬಿ ಇಂತಿಷ್ಟು ದಿನದೊಳಗೆ ಅಂಚೆಗೆ ಹಾಕಿ. ಕಾರ್ಡು ಬರಲಿಲ್ಲ ಅಂದರೆ ಪುಸ್ತಕ ಬೇಕು ಅಂತ ಅರ್ಥ.

ನೋಡಿ, ಇದು ಹುಟ್ಟಿದ್ದು ನಿಜವಾದ ಒಂದು ತೊಂದರೆಗೆ ಪರಿಹಾರವಾಗಿ. ಮೋಸದ ಉದ್ದೇಶದಿಂದ ಅಲ್ಲ. ಆದರೆ ಒಂದು ಸಲ ಈ ಕಾರ್ಡು ಕೈಗೆ ಬಂದ ಮೇಲೆ ವ್ಯಾಪಾರಿಗಳಿಗೆ ದೊಡ್ಡದೊಂದು ಗುಟ್ಟು ತಿಳೀತು: ಮನುಷ್ಯ ಸೋಮಾರಿ. ಕಾರ್ಡು ಮೇಜಿನ ಮೇಲೆ ಇರುತ್ತೆ, ನಾಳೆ ಹಾಕೋಣ ಅಂತಾನೆ, ಆ ನಾಳೆ ಬರೋದೇ ಇಲ್ಲ. 1955ರಲ್ಲಿ ಕೊಲಂಬಿಯಾ ಕಂಪನಿ ಇದೇ ಉಪಾಯದಿಂದ ರೆಕಾರ್ಡ್ ಕ್ಲಬ್ ಮಾಡ್ತು. ‘ಒಂದು ಸೆಂಟ್ ಕೊಡಿ, ಹನ್ನೆರಡು ರೆಕಾರ್ಡ್ ತಗೊಳ್ಳಿ’ ಅನ್ನೋ ಥರದ ಅವರ ಜಾಹೀರಾತು ಅಮೆರಿಕದಲ್ಲಿ ಒಂದು ತಲೆಮಾರಿನ ನೆನಪೇ ಆಗಿಬಿಟ್ಟಿದೆ. ದೂರುಗಳು ಎಷ್ಟಾದವು ಅಂದರೆ 1973ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೇ ಅಂತ ಒಂದು ನಿಯಮ ಬರೀಬೇಕಾಯ್ತು. ‘ಬೇಡ’ ಅನ್ನೋ ಕಾರ್ಡು ಕಳಿಸೋಕೆ ಗಿರಾಕಿಗೆ ಕನಿಷ್ಠ ಹತ್ತು ದಿನ ಕೊಡಬೇಕು ಅನ್ನೋದು ಅದರಲ್ಲಿ ಮುಖ್ಯ. ಗಮನಿಸಿ, ಪದ್ಧತಿಯನ್ನು ನಿಲ್ಲಿಸಲಿಲ್ಲ. ವಾಯಿದೆ ಕೊಟ್ಟರು, ಅಷ್ಟೇ.

ವೈನು ಈ ದಾರಿಗೆ ಬಂದದ್ದೂ ಅದೇ ಸುಮಾರಿಗೆ. 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾಲ್ ಕಲೆಮ್‌ಕಿಯರಿಯನ್ ಅನ್ನೋ ಫಾರ್ಮಸಿಸ್ಟ್, ತಾನು ಕೊಂಡಿದ್ದ ಮದ್ಯದಂಗಡಿಯಿಂದ ‘ವೈನ್ ಆಫ್ ದಿ ಮಂತ್ ಕ್ಲಬ್’ ಶುರು ಮಾಡಿದರು. ಹೆಸರು ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಟೋನಿ ಲೇಥ್‌ವೇಟ್ ಅನ್ನೋ ಹುಡುಗ 1969ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಿಂದ ವ್ಯಾನಿನಲ್ಲಿ ವೈನ್ ಹೊತ್ತು ತಂದು, ವಿಂಡ್ಸರ್‌ನ ರೈಲ್ವೆ ಕಮಾನಿನ ಕೆಳಗೆ ಇಟ್ಟುಕೊಂಡು ಮಾರ್ತಿದ್ದ. 1973ರಲ್ಲಿ ಸಂಡೇ ಟೈಮ್ಸ್ ಪತ್ರಿಕೆ ಆತನ ಜೊತೆ ಸೇರಿ ವೈನ್ ಕ್ಲಬ್ ತೆರೀತು. ವೈನ್ ಬರಹಗಾರ ಹ್ಯೂ ಜಾನ್ಸನ್ ಅದಕ್ಕೆ ಅಧ್ಯಕ್ಷರು. ಪತ್ರಿಕೆಯ ಹೆಸರು, ತಿಳಿದವರೊಬ್ಬರ ಮುಖ, ಅಂಚೆ ಪೆಟ್ಟಿಗೆ. ಮುಂದಿನ ಎಷ್ಟೋ ಕ್ಲಬ್ಬುಗಳು ಹಿಡಿದದ್ದು ಇದೇ ಜಾಡು. ನಮ್ಮಲ್ಲೂ ‘ವೈನ್ ಸೊಸೈಟಿ ಆಫ್ ಇಂಡಿಯಾ’ ಅನ್ನೋದು ಬಂದಾಗ ಅಧ್ಯಕ್ಷರಾಗಿ ಕರೆತಂದದ್ದು ಸ್ಟೀವನ್ ಸ್ಪರಿಯರ್ ಅವರನ್ನ. 1976ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಮತ್ತು ಕ್ಯಾಲಿಫೋರ್ನಿಯಾ ವೈನುಗಳ ಕುರುಡು ಪರೀಕ್ಷೆ ಏರ್ಪಡಿಸಿ ಫ್ರೆಂಚರ ಮುಖ ಕೆಂಪಗೆ ಮಾಡಿದ್ದರಲ್ಲ, ಅದೇ ಸ್ಪರಿಯರ್.

ಇನ್ನು ವೋಚರಿನ ಕಡೆಗೆ ಬರೋಣ. ಉಚಿತ ಚೀಟಿಯ ದೊಡ್ಡ ಪ್ರಯೋಗ ಮಾಡಿದ್ದು ಕೋಕಾ-ಕೋಲಾ. 1880ರ ದಶಕದ ಕೊನೆಯಲ್ಲಿ ಅಟ್ಲಾಂಟಾದಲ್ಲಿ ‘ಈ ಚೀಟಿ ತಂದವರಿಗೆ ಒಂದು ಗ್ಲಾಸು ಉಚಿತ’ ಅಂತ ಹಂಚಿದರು. 1894ರಿಂದ 1913ರೊಳಗೆ ಇಂಥ 85 ಲಕ್ಷ ಉಚಿತ ಗ್ಲಾಸು ಖರ್ಚಾಯ್ತು ಅನ್ನೋದು ಕಂಪನಿಯದೇ ಲೆಕ್ಕ. ಆ ಚೀಟಿಯಲ್ಲಿ ಕೊಂಡಿ ಇರಲಿಲ್ಲ. ಕುಡಿದು ಬಾಯಿ ಒರೆಸಿಕೊಂಡು ಹೋಗಬಹುದಿತ್ತು. ರುಚಿ ಹತ್ತಿದರೆ ನೀವೇ ಕಾಸು ಕೊಟ್ಟು ಬರ್ತೀರಿ, ಇಲ್ಲಾಂದರೆ ಇಲ್ಲ.

ಚೀಟಿ ಕೊಡೋರ ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ 1992ರ ಹೂವರ್ ಪ್ರಕರಣ ಇದೆ. ಇಂಗ್ಲೆಂಡಿನಲ್ಲಿ ಹೂವರ್ ಕಂಪನಿ, ನೂರು ಪೌಂಡಿಗೆ ಮೇಲ್ಪಟ್ಟು ಏನಾದರೂ ಕೊಂಡರೆ ಎರಡು ವಿಮಾನ ಟಿಕೆಟ್ ಉಚಿತ ಅಂತು. ಮೊದಲು ಯುರೋಪಿಗೆ, ಆಮೇಲೆ ಅಮೆರಿಕಕ್ಕೂ. ಅರ್ಜಿ, ಫಾರ್ಮು, ವಾಯಿದೆ ಅಂತ ಸುತ್ತಿಸಿದರೆ ಬಹಳ ಜನ ಕೈಬಿಡ್ತಾರೆ ಅನ್ನೋ ನಂಬಿಕೆ. ಜನ ಬಿಡಲಿಲ್ಲ! ಮನೇಲಿ ಕಸ ಹೀರೋ ಯಂತ್ರ ಇದ್ದವರೂ ಟಿಕೆಟ್‌ಗೋಸ್ಕರ ಇನ್ನೊಂದು ಕೊಂಡರು. ಟಿಕೆಟ್ ಸಿಗದೆ ರೋಸಿಹೋದ ಒಬ್ಬ ಮಹಾಶಯ, ಮನೆಗೆ ರಿಪೇರಿಗೆ ಬಂದ ಹೂವರ್ ವ್ಯಾನಿಗೆ ತನ್ನ ಲಾರಿ ಅಡ್ಡ ನಿಲ್ಲಿಸಿ ದಿನಗಟ್ಟಲೆ ಬಿಡಲೇ ಇಲ್ಲ. ಕಂಪನಿಗೆ ಸುಮಾರು 5 ಕೋಟಿ ಪೌಂಡ್ ಕೈಬಿಟ್ಟು, ಕೊನೆಗೆ ಅದರ ಯುರೋಪಿನ ವ್ಯವಹಾರವೇ ಇಟಲಿಯ ಕಂಪನಿಯೊಂದರ ಪಾಲಾಯ್ತು. ಇಲ್ಲಿ ಕಂಪನಿ ನೆಚ್ಚಿಕೊಂಡಿದ್ದು ಗಿರಾಕಿಯ ಸೋಮಾರಿತನವನ್ನೇ. ಅದು ಕೈ ಕೊಟ್ಟಿತು.

ಈಗ ಈ ಎರಡು ದಾರಿ, ಅಂದರೆ ಮೌನವನ್ನ ‘ಹೂಂ’ ಅನ್ನೋ ಕ್ಲಬ್ಬು ಮತ್ತು ಉಚಿತದ ಚೀಟಿ, ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಂಡದ್ದು ಅಂತರ್ಜಾಲದ ಕಾಲದಲ್ಲಿ. ಇದನ್ನ ಒಬ್ಬ ಮನುಷ್ಯನ ಮೂಲಕ ನೋಡೋದು ಸುಲಭ. ರೋವನ್ ಗೋರ್ಮ್ಲಿ ಅಂತ, ದಕ್ಷಿಣ ಆಫ್ರಿಕಾದವರು, ಓದಿನಿಂದ ಅಕೌಂಟೆಂಟ್. ರಿಚರ್ಡ್ ಬ್ರಾನ್ಸನ್‌ರ ವರ್ಜಿನ್ ಬಳಗದಲ್ಲಿ ಇವರು ಮೊದಲು ಕಟ್ಟಿದ್ದು ವೈನ್ ವ್ಯಾಪಾರ ಅಲ್ಲ, ಹಣಕಾಸಿನದು. ಗೃಹಸಾಲ, ಉಳಿತಾಯ, ಚಾಲ್ತಿ ಖಾತೆ ಎಲ್ಲಾ ಒಂದರಲ್ಲೇ ಸೇರಿಸಿದ ‘ವರ್ಜಿನ್ ಒನ್’ ಖಾತೆ. 2000ದಲ್ಲಿ ವರ್ಜಿನ್ ವೈನ್ಸ್ ಶುರುವಾಯ್ತು. ಅದು 2005ರಲ್ಲಿ ಲೇಥ್‌ವೇಟ್ ಬಳಗಕ್ಕೆ ಮಾರಾಟ ಆಯ್ತು. 2008ರಲ್ಲಿ ಗೋರ್ಮ್ಲಿ ಹೊರಗೆ ಬಂದು ನಾರ್ವಿಚ್‌ನಲ್ಲಿ ‘ನೇಕೆಡ್ ವೈನ್ಸ್’ ತೆರೆದರು.

ಇವರ ವ್ಯವಸ್ಥೆ ಹೇಗಂದರೆ: ಸದಸ್ಯರಿಗೆ ‘ಏಂಜೆಲ್’ ಅಂತ ಹೆಸರು. ಪ್ರತಿ ಏಂಜೆಲ್ ತಿಂಗಳಿಗೆ 20 ಪೌಂಡ್ (ಮುಂದೆ ಇದು 25 ಆಯ್ತು) ತನ್ನ ಖಾತೆಗೆ ಕಟ್ಟುತ್ತಾ ಹೋಗಬೇಕು. ಕಂಪನಿ ಈ ಬಲದ ಮೇಲೆ ಸಣ್ಣ ವೈನ್ ತಯಾರಕರಿಗೆ ಮುಂಗಡ ಕೊಡುತ್ತೆ. ದ್ರಾಕ್ಷಿ ಕೊಳ್ಳೋಕೂ ದುಡ್ಡಿಲ್ಲದ ಕುಶಲ ತಯಾರಕ ತನ್ನ ಹೆಸರಲ್ಲೇ ವೈನ್ ಮಾಡ್ತಾನೆ. ಏಂಜೆಲ್‌ಗೆ ಆ ವೈನು ಕಡಿಮೆ ಬೆಲೆಗೆ. ಬೇಡ ಅಂದರೆ ಖಾತೆಯ ದುಡ್ಡು ವಾಪಸ್. ಇದರಲ್ಲಿ ಒಳ್ಳೇದಿದೆ, ಅದನ್ನ ಒಪ್ಪಲೇಬೇಕು. ದೊಡ್ಡ ಸೂಪರ್‌ಮಾರ್ಕೆಟ್‌ಗಳು ಬೆಲೆ ಹಿಂಡಿ ಹಿಪ್ಪೆ ಮಾಡುವ ಸಣ್ಣ ತಯಾರಕರಿಗೆ ಇದು ನಿಜವಾದ ಆಸರೆ ಆಗಿತ್ತು.

ಆದರೆ ಇದನ್ನ ನಮ್ಮ ಕಣ್ಣಿನಿಂದ ನೋಡಿದರೆ ಏನು ಕಾಣುತ್ತೆ? ಅಮ್ಮಂದಿರು ಚಿನ್ನದಂಗಡಿಯಲ್ಲಿ ಕಟ್ಟೋ ತಿಂಗಳ ಸ್ಕೀಮು! ಹನ್ನೊಂದು ಕಂತು ಕಟ್ಟಿ, ಹನ್ನೆರಡನೇದು ನಾವು ಹಾಕ್ತೀವಿ, ಒಡವೆ ತಗೊಂಡು ಹೋಗಿ. ಆ ಹನ್ನೊಂದಕ್ಕೂ ಕಾರಣ ಇದೆ. ನಮ್ಮ ಕಂಪನಿ ಕಾನೂನಿನಲ್ಲಿ, ಸರಕಿಗಾಗಿ ತಗೊಂಡ ಮುಂಗಡ 365 ದಿನದೊಳಗೆ ಸರಕಾಗಿ ತೀರಬೇಕು, ಇಲ್ಲದಿದ್ದರೆ ಅದು ಠೇವಣಿ ಅಂತ ಲೆಕ್ಕ, ಅದಕ್ಕೆ ಬೇರೆ ಬಿಗಿ ನಿಯಮ. ಅಂದರೆ ಗಿರಾಕಿಯ ಮುಂಗಡ ಅಂಗಡಿಗೆ ಬಡ್ಡಿಯಿಲ್ಲದ ಸಾಲ ಇದ್ದ ಹಾಗೆ ಅನ್ನೋದನ್ನ ನಮ್ಮ ಕಾನೂನು ಗುರುತಿಸಿದೆ. ಏಂಜೆಲ್ ಖಾತೆಯ ದುಡ್ಡೂ ಕಂಪನಿಯ ಲೆಕ್ಕಪತ್ರದಲ್ಲಿ ಇರೋದು ಗಿರಾಕಿಗಳಿಗೆ ತೀರಿಸಬೇಕಾದ ಬಾಕಿ ಅಂತಲೇ. ಹಣಕಾಸಿನಿಂದ ಬಂದವರು ವೈನ್ ಕ್ಲಬ್ ಕಟ್ಟಿದರೆ ಅದು ಸ್ವಲ್ಪ ಬ್ಯಾಂಕಿನ ಥರಾನೇ ಇರೋದು ಆಶ್ಚರ್ಯ ಅಲ್ಲ.

ಇಲ್ಲಿ ವೋಚರಿನ ಪಾತ್ರ ಏನು? ನಮ್ಮ ಓದುಗರಲ್ಲಿ ಅರ್ಧ ಜನ ಈ ಲೆಕ್ಕವನ್ನ ಡ್ಯಾಶ್‌ಬೋರ್ಡ್‌ನಲ್ಲಿ ದಿನಾ ನೋಡೋರು, ಹಾಗಾಗಿ ಚುಟುಕಾಗಿ ಹೇಳ್ತೀನಿ. ನೂರರ ಪೆಟ್ಟಿಗೆ ನಲವತ್ತಕ್ಕೆ ಕೊಟ್ಟರೆ ಮೊದಲ ಪೆಟ್ಟಿಗೆಯಲ್ಲಿ ಕಂಪನಿಗೆ ನಷ್ಟವೇ. ಗಾಜಿನ ಬಾಟಲಿ ಭಾರ, ಸಾಗಣೆ ದುಬಾರಿ, ಇಂಗ್ಲೆಂಡಿನಲ್ಲಿ ಪ್ರತಿ ಬಾಟಲಿಗೂ ಅಬಕಾರಿ ಸುಂಕ ಬೇರೆ. ಆ ನಷ್ಟ ಗಿರಾಕಿಯನ್ನ ಕೊಂಡ ಬೆಲೆ. ಹತ್ತು ಜನಕ್ಕೆ ಕೊಟ್ಟರೆ ಇಬ್ಬರೋ ಮೂವರೋ ಉಳೀಬೇಕು, ಉಳಿದವರು ವರ್ಷಗಟ್ಟಲೆ ಕೊಳ್ಳಬೇಕು, ಆಗ ಲೆಕ್ಕ ಸರಿಹೋಗುತ್ತೆ. ಅಂದರೆ ವೋಚರಿನ ಅರವತ್ತು ಪೌಂಡು ದಾನ ಅಲ್ಲ, ಉಳಿದುಕೊಂಡವರು ಮುಂದೆ ಕಟ್ಟಿಕೊಡೋ ಬಾಕಿ. ಬಂದು ಹೋಗೋರು ಲಾಭ ಮಾಡ್ಕೊಂಡು ಹೋಗ್ತಾರೆ, ಅವರ ಖರ್ಚನ್ನ ನಿಷ್ಠಾವಂತರು ಹೊರ್ತಾರೆ. ಹತ್ತು ವರ್ಷದ ಹಳೇ ಸದಸ್ಯನಿಗಿಂತ ನಿನ್ನೆ ಬಂದವನಿಗೆ ಅಗ್ಗ ಅನ್ನೋ ಗ್ರಾಹಕರ ಕೋಪಕ್ಕೆ ಬುಡ ಇಲ್ಲಿದೆ.

ಈ ಲೆಕ್ಕದಲ್ಲಿ ‘ಉಳಿಯೋದು’ ಅನ್ನೋದರೊಳಗೆ ಇಬ್ಬರು ಇದ್ದಾರೆ. ಇಷ್ಟಪಟ್ಟು ಉಳಿದವನು ಒಬ್ಬ, ಮರೆತು ಉಳಿದವನು ಇನ್ನೊಬ್ಬ. ಡ್ಯಾಶ್‌ಬೋರ್ಡ್‌ನಲ್ಲಿ ಇಬ್ಬರೂ ಒಂದೇ ಹಸಿರು ಗೆರೆ. ಕಂಪನಿ ಒಳ್ಳೇದೋ ಕೆಟ್ಟದ್ದೋ ಅನ್ನೋದು ಈ ಎರಡನೆಯವನನ್ನ ಎಬ್ಬಿಸೋ ಮನಸ್ಸು ಅದಕ್ಕೆ ಇದೆಯಾ ಅನ್ನೋದರ ಮೇಲೆ ನಿಂತಿದೆ ಅಂತ ನನಗನ್ನಿಸುತ್ತೆ. ಎಬ್ಬಿಸಿದರೆ ಆ ತಿಂಗಳ ಅಂಕಿ ಬೀಳುತ್ತೆ. ‘ಸದಸ್ಯತ್ವ ರದ್ದು’ ಬಟನ್ನನ್ನ ಎರಡನೇ ಪುಟಕ್ಕೋ ಐದನೇ ಪುಟಕ್ಕೋ ಹಾಕಬೇಕು ಅನ್ನೋ ಟಿಕೆಟ್ ಹಿಂಜೆವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಕೂತ ನಮ್ಮವರ ಕೈಗೇ ಬರುತ್ತೆ, ಅದೂ ನಿಮಗೆ ಗೊತ್ತು.

ನೇಕೆಡ್ ವೈನ್ಸ್ ಮುಂದೆ ಏನಾಯ್ತು ಅಂದರೆ, 2015ರಲ್ಲಿ ಮೆಜೆಸ್ಟಿಕ್ ಅನ್ನೋ ವೈನ್ ಅಂಗಡಿಗಳ ಸರಪಳಿ ಇದನ್ನ 7 ಕೋಟಿ ಪೌಂಡಿಗೆ ಕೊಂಡುಕೊಳ್ತು, ಗೋರ್ಮ್ಲಿಯನ್ನೇ ಇಡೀ ಬಳಗದ ಮುಖ್ಯಸ್ಥ ಮಾಡ್ತು. 2019ರಲ್ಲಿ ಅಂಗಡಿಗಳನ್ನೇ ಮಾರಿ ಹೆಸರು ‘ನೇಕೆಡ್ ವೈನ್ಸ್’ ಅಂತ ಇಟ್ಕೊಂಡರು. ನುಂಗಿದವನನ್ನ ನುಂಗಿಸಿಕೊಂಡವನು ನುಂಗಿದ ಹಾಗೆ. ಆಮೇಲೆ ಕೊರೊನಾ. ಬೀಗ ಹಾಕಿದ ಊರುಗಳಲ್ಲಿ ಎಲ್ಲರೂ ಮನೆಗೇ ತರಿಸಿದರು. 2021ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಮಾರಾಟ ಶೇ. 68ರಷ್ಟು ಏರಿ 34 ಕೋಟಿ ಪೌಂಡ್ ಆಯ್ತು. ಇದೇ ವೇಗ ಮುಂದುವರಿಯುತ್ತೆ ಅಂತ ವೈನ್ ತರಿಸಿ ತುಂಬಿದರು, ಹೊಸ ಗಿರಾಕಿಗಳಿಗೆ ದುಡ್ಡು ಸುರಿದರು. ಬಾಗಿಲು ತೆರೆದ ಮೇಲೆ ಜನ ಹೊರಗೆ ಹೋದರು. ಗೋದಾಮಿನಲ್ಲಿ ಮಾಲು ಉಳೀತು, 2021ರ ಉತ್ತುಂಗದಿಂದ ಷೇರಿನ ಬೆಲೆ ಶೇ. 90ಕ್ಕೂ ಹೆಚ್ಚು ಕುಸೀತು. ಅಮೆರಿಕದ ‘ವಿಂಕ್’ ಕಥೆ ಇನ್ನೂ ಚಿಕ್ಕದು: ಚಂದಾ ಆಧಾರದ ವೈನ್ ಕಂಪನಿ, 2021ರ ನವೆಂಬರಿನಲ್ಲಿ ಷೇರು ಮಾರುಕಟ್ಟೆಗೆ ಬಂತು, 2022ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕ್ತು. ಒಂದು ವರ್ಷ, ಒಂದು ತಿಂಗಳು. ಕ್ಲಬ್ಬಿನ ಖಾತೆಯಲ್ಲಿ ನಮ್ಮ ಮುಂಗಡ ಇದೆ ಅಂದಾಗ ನಾವು ಗಿರಾಕಿ ಮಾತ್ರ ಅಲ್ಲ, ಸಾಲ ಕೊಟ್ಟವರೂ ಹೌದು. ಇಂಥ ದಿನ ಬಂದಾಗ ಅದು ಅರ್ಥ ಆಗುತ್ತೆ. 1874ರ ಸಂಘದಲ್ಲಿ ಇದೇ ದುಡ್ಡು ಕೊಟ್ಟವನಿಗೆ ಮಾಲೀಕ ಅನ್ನೋ ಹೆಸರಾದರೂ ಇತ್ತು.

ಅಮೆರಿಕದಲ್ಲಿ ಆನ್‌ಲೈನ್ ವೈನ್ ಇಷ್ಟು ಬೆಳೆಯೋಕೆ ಒಂದು ಕೋರ್ಟು ತೀರ್ಪು ಕಾರಣ. 1933ರಲ್ಲಿ ಪಾನನಿಷೇಧ ತೆಗೆದಾಗ ಮದ್ಯದ ಅಧಿಕಾರ ರಾಜ್ಯಗಳ ಕೈಗೆ ಹೋಯ್ತು. ವರ್ಜೀನಿಯಾದಲ್ಲಿ ಹ್ವಾನಿಟಾ ಸ್ವೀಡನ್‌ಬರ್ಗ್ ಅನ್ನೋ ಹೆಂಗಸು ಸಣ್ಣ ದ್ರಾಕ್ಷಿತೋಟ ಇಟ್ಟುಕೊಂಡಿದ್ದರು. ಬೇರೆ ರಾಜ್ಯದಿಂದ ಬಂದವರು ವೈನ್ ಮೆಚ್ಚಿ, ಮನೆಗೆ ಕಳಿಸ್ತೀರಾ ಅಂದರೆ ಕಾನೂನು ಬಿಡ್ತಿರಲಿಲ್ಲ. ಅವರು ನ್ಯೂಯಾರ್ಕಿನ ಮೇಲೆ, ಇನ್ನು ಕೆಲವರು ಮಿಶಿಗನ್ ಮೇಲೆ ದಾವೆ ಹೂಡಿದರು. 2005ರ ಮೇ 16ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳ್ತು: ನಿಮ್ಮ ರಾಜ್ಯದ ತಯಾರಕರಿಗೆ ಮನೆಗೆ ಕಳಿಸೋಕೆ ಬಿಟ್ಟು ಹೊರಗಿನವರಿಗೆ ಮಾತ್ರ ಬೇಡ ಅನ್ನೋ ಹಾಗಿಲ್ಲ. ಒಂದೊಂದೇ ರಾಜ್ಯ ಬಾಗಿಲು ತೆರೀತಾ ಬಂತು.

ನಮ್ಮಲ್ಲಿ ಆ ಬಾಗಿಲೇ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮದ್ಯ ರಾಜ್ಯಗಳ ವಿಷಯ. ನಂದಿ ಬೆಟ್ಟದ ಬುಡದಲ್ಲಿ ತಯಾರಾದ ವೈನನ್ನ ಪುಣೆಯ ಫ್ಲ್ಯಾಟಿಗೆ ಕೊರಿಯರ್ ಮಾಡಿಸೋದು ಸಾಧ್ಯವಿಲ್ಲ. ಚೆನ್ನೈನಲ್ಲಿ 2003ರಿಂದ ಚಿಲ್ಲರೆ ಮಾರಾಟ ಸರ್ಕಾರದ ಟಾಸ್ಮಾಕ್‌ನದು. ಮಹಾರಾಷ್ಟ್ರದಲ್ಲಿ 2022ರ ಜನವರಿಯಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ವೈನ್ ಇಡಬಹುದು ಅಂತ ಸಂಪುಟ ಒಪ್ಪಿದರೂ ವಿರೋಧ ಬಂದು ಅದು ನಿಂತುಹೋಯ್ತು. ದೆಹಲಿಯವರಿಗೆ ಅದೇ ಫೆಬ್ರವರಿ ನೆನಪಿರಬೇಕು: ಹೊಸ ಅಬಕಾರಿ ನೀತಿಯ ಅಂಗಡಿಗಳು ಒಂದಕ್ಕೊಂದು ಉಚಿತ ಅಂದವು, ಸಾಲು ರಸ್ತೆಗೆ ಬಂತು, ತಿಂಗಳ ಕೊನೆಗೆ ಸರ್ಕಾರ ರಿಯಾಯಿತಿಯನ್ನೇ ನಿಲ್ಲಿಸ್ತು. ಸೆಪ್ಟೆಂಬರ್ ಹೊತ್ತಿಗೆ ಆ ನೀತಿಯೇ ಹೋಗಿತ್ತು. ಬಾಗಿಲು ಮುಚ್ಚಿದ್ದರೆ ಕಿಟಕಿಯಿಂದ ಕಳ್ಳರು ಬರ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಮುಂಬೈ, ಪುಣೆಗಳಲ್ಲಿ ಪ್ರಸಿದ್ಧ ವೈನ್ ಶಾಪ್‌ಗಳ ಹೆಸರಿಗೆ ನಕಲಿ ಫೋನ್ ನಂಬರ್ ಹಾಕಿ, ‘ಮನೆಗೆ ಕಳಿಸ್ತೀವಿ, ಒಟಿಪಿ ಹೇಳಿ’ ಅಂತ ದುಡ್ಡು ಹೊಡೆದ ಪ್ರಕರಣಗಳು ಸಾಲುಸಾಲಾಗಿ ಪೊಲೀಸರಿಗೆ ಹೋದವು.

ಹಾಗಂತ ಚಂದಾ ಅನ್ನೋ ಬಲೆಯಿಂದ ನಾವು ಪಾರಾಗಿದ್ದೀವಾ? ವೈನಿಲ್ಲ ಅಷ್ಟೇ. ಸಿನಿಮಾ, ಜಿಮ್ಮು, ಭಾಷೆ ಕಲಿಸೋ ಆಪು, ಊಟದ ಡಬ್ಬಿ, ಎಲ್ಲಾ ಅದೇ ಕಾರ್ಡಿನ ಮೊಮ್ಮಕ್ಕಳು. ಒಳಗೆ ಬರೋದು ಸುಲಭ, ಹೊರಗೆ ಹೋಗೋದು ಕಷ್ಟ ಅನ್ನೋ ವಿನ್ಯಾಸಕ್ಕೆ ಇಂಗ್ಲೆಂಡಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಜಿರಳೆ ಲಾಡ್ಜು’ ಅಂತ ಹೆಸರಿಟ್ಟರು. ‘ಡಾರ್ಕ್ ಪ್ಯಾಟರ್ನ್’ ಅನ್ನೋ ಪದವೂ ಅವರದೇ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಡಾರ್ಕ್ ಪ್ಯಾಟರ್ನ್‌ಗಳನ್ನ ಹೆಸರಿಸಿ ನಿಷೇಧಿಸ್ತು. ಚಂದಾ ಬಲೆ ಅದರಲ್ಲೊಂದು. ಬ್ರಿಟನ್ 2024ರಲ್ಲಿ ಚಂದಾದಾರರಿಗೆ ಮುಂಚಿತವಾಗಿ ನೆನಪೋಲೆ ಕಳಿಸಬೇಕು ಅನ್ನೋ ಕಾನೂನು ಮಾಡ್ತು. ಅಮೆರಿಕದಲ್ಲಿ ಅದೇ ವರ್ಷ 1973ರ ಹಳೇ ನಿಯಮವನ್ನ ತಿದ್ದಿ, ‘ಸೇರಿದಷ್ಟೇ ಸುಲಭವಾಗಿ ಬಿಡೋ ಹಾಗಿರಬೇಕು’ ಅಂದರು. 2025ರ ಜುಲೈನಲ್ಲಿ ಕೋರ್ಟು, ನಿಯಮ ಮಾಡಿದ ಕ್ರಮ ಸರಿಯಿಲ್ಲ ಅಂತ ಅದನ್ನ ರದ್ದು ಮಾಡ್ತು.

ಈ ವಿಷಯದಲ್ಲಿ ಎಲ್ಲರಿಗಿಂತ ಒರಟಾಗಿ, ಎಲ್ಲರಿಗಿಂತ ಪರಿಣಾಮಕಾರಿಯಾಗಿ ನಡೆದುಕೊಂಡದ್ದು ನಮ್ಮ ರಿಸರ್ವ್ ಬ್ಯಾಂಕೇ ಅಂತ ನನ್ನ ಅಭಿಪ್ರಾಯ. 2021ರ ಅಕ್ಟೋಬರ್ 1ರಿಂದ ಕಾರ್ಡಿನ ಮೇಲಿನ ತಿಂಗಳ ಕಡಿತಕ್ಕೆ ಹೊಸ ನಿಯಮ. ಹೊಸ ವ್ಯವಸ್ಥೆಯಲ್ಲಿ ನೋಂದಾಯಿಸದ ಹಳೇ ಒಪ್ಪಿಗೆಗಳು ನಡೆಯಲ್ಲ. ದುಡ್ಡು ಹೋಗೋ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಮಿತಿ ದಾಟಿದರೆ ಪ್ರತಿ ಸಲವೂ ಒಟಿಪಿ. ಆ ಮಿತಿ ಮೊದಲು 5,000 ಇತ್ತು, 2022ರ ಜೂನ್‌ನಲ್ಲಿ 15,000 ರೂಪಾಯಿ ಆಯ್ತು. ಆ ಅಕ್ಟೋಬರಿನಲ್ಲಿ ಎಷ್ಟೋ ಕಂಪನಿಗಳ ಕಡಿತ ಬಿದ್ದುಹೋಗಿ, ಗಿರಾಕಿಗಳನ್ನ ಒಬ್ಬೊಬ್ಬರನ್ನೇ ಮತ್ತೆ ‘ಬೇಕಾ?’ ಅಂತ ಕೇಳೋ ಹಾಗಾಯ್ತು. ಮರೆತು ಉಳಿದವನ ಮೌನ ಅವತ್ತು ಒಂದೇ ಏಟಿಗೆ ‘ಬೇಡ’ ಆಯ್ತು.

ನಿಮ್ಮ ಯುಪಿಐ ಆಪಿನಲ್ಲಿ ‘ಆಟೋಪೇ’ ಅಥವಾ ‘ಮ್ಯಾಂಡೇಟ್’ ಅನ್ನೋ ಪುಟ ಇರುತ್ತೆ, ಬ್ಯಾಂಕಿನ ಆಪಿನಲ್ಲಿ ಕಾರ್ಡಿನ ಸೆಟಿಂಗ್ ಒಳಗೆ ಇದರದೇ ಇನ್ನೊಂದು ಪಟ್ಟಿ. ಎರಡೂ ಬೇರೆ ಬೇರೆ, ಒಂದರಲ್ಲಿ ಇರೋದು ಇನ್ನೊಂದರಲ್ಲಿ ಕಾಣಲ್ಲ. ಮುಂದಿನ ವಾರದ ಮಾತು ನಾರಾಯಣಗಾಂವ್‌ನಿಂದ ನಾಸಿಕ್, ನಂದಿ ಬೆಟ್ಟದವರೆಗೆ ನಮ್ಮ ದೇಶದ ವೈನು ಹೇಗೆ ಬಂತು ಅನ್ನೋದರ ಬಗ್ಗೆ.